ಅಂಗಾಲಿನ ಆ ತುರಿಕೆ

ಪ್ರೀತಿಯ ಸುಮಾ,

ತಂಗಿಗೆ ಎಂಟನೇ ತಿಂಗಳು, ಅಂಗೈ ಅಂಗಾಲು ತುರಿಸಿ ರಾತ್ರಿಯಿಡೀ ನಿದ್ದೆಯಿಲ್ಲ, ಮನೆಯವರು ಉಷ್ಣ ಅಂತ ಎಳನೀರು ಕುಡಿಸುತ್ತಿದ್ದಾರೆ ಎಂದು ಬರೆದಿದ್ದೀಯಲ್ಲ, ಅದನ್ನೋದಿ ತಡಮಾಡದೆ ಬರೆಯುತ್ತಿದ್ದೇನೆ. ಎಳನೀರು ಕುಡಿಯಲಿ, ಬೇಡವೆನ್ನುವುದಿಲ್ಲ. ಆದರೆ ಗುಳ್ಳೆಯಿಲ್ಲ, ದದ್ದಿಲ್ಲ, ಮೈಮೇಲೆ ಬರೀ ಉಗುರಿನ ಗೀರು ಅಂದರೆ ತೊಂದರೆ ಚರ್ಮದ್ದಲ್ಲ, ಲಿವರಿನದಿರಬಹುದು. ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಲಿವರ್ ಟೆಸ್ಟಿನ ಜೊತೆ ಬೈಲ್ ಆಸಿಡ್ ಟೆಸ್ಟನ್ನೂ ಕೇಳಿ ಮಾಡಿಸು.

ಬಸಿರಿನ ಕೊನೆಯ ತಿಂಗಳುಗಳಲ್ಲಿ ಹಾರ್ಮೋನು ಏರಿದಾಗ ಕೆಲವರ ಲಿವರಿನಿಂದ ಪಿತ್ತರಸ ಸರಾಗವಾಗಿ ಹರಿಯುವುದಿಲ್ಲ. ಕರುಳಿಗಿಳಿದು, ಪಾತ್ರೆ ತೊಳೆಯುವ ಸೋಪಿನಂತೆ ಊಟದ ಜಿಡ್ಡನ್ನು ಕರಗಿಸಬೇಕಾದ ಅದರ ಆಮ್ಲಗಳು, ಅಂದರೆ ಬೈಲ್ ಆಸಿಡ್‌ಗಳು, ರಕ್ತದಲ್ಲಿ ಉಳಿದು, ಮಾಸನ್ನು ದಾಟಿ ಮಗುವನ್ನೂ ಮುಟ್ಟುತ್ತವೆ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾಗಳಿಗೆ ಪೆಟ್ಟು ಬಿದ್ದು, ಸುತ್ತಲಿನದನ್ನೆಲ್ಲ ಕೆಡಿಸುವ ಆಮ್ಲಜನಕದ ಕಣಗಳು ಮಿತಿಮೀರುತ್ತವೆ. ನೀನು ಕೇಳಿದ ಆಕ್ಸಿಡೇಟಿವ್ ಸ್ಟ್ರೆಸ್ ಇದೇ. ಅವನ್ನು ತಣಿಸುವ ಒಂದು ಕಿಣ್ವಕ್ಕೆ ಸೆಲೆನಿಯಮ್ ಬೇಕು. ದೂರದ ಫಿನ್ಲೆಂಡಿನಲ್ಲೂ ಚಿಲಿಯಲ್ಲೂ ಈ ತೊಂದರೆಯಿದ್ದ ಬಸುರಿಯರ ರಕ್ತದಲ್ಲಿ ಸೆಲೆನಿಯಮ್ ಕಡಿಮೆಯಿದ್ದದ್ದು ಕಂಡುಬಂದಿತ್ತು. ಅಲ್ಲಿ ಚಳಿಗಾಲದಲ್ಲೇ ಈ ಕಾಯಿಲೆ ಹೆಚ್ಚು. ಹಾಗಂತ ಅಂಗಡಿಯಿಂದ ಆಂಟಿಆಕ್ಸಿಡೆಂಟ್ ಮಾತ್ರೆ ತಂದು ನುಂಗಿಸಬೇಡ, ಅದರಿಂದ ಮಗು ಉಳಿಯುತ್ತದೆ ಎನ್ನಲು ಆಧಾರವಿಲ್ಲ. ಡಾಕ್ಟರು ಸಾಮಾನ್ಯವಾಗಿ ಬರೆಯುವ ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನೂ ಬ್ರಿಟನ್ನಿನಲ್ಲಿ 600ಕ್ಕೂ ಹೆಚ್ಚು ಬಸುರಿಯರ ಮೇಲೆ ಪರೀಕ್ಷಿಸಿದರು. 2019ರಲ್ಲಿ ಬಂದ ಫಲಿತಾಂಶ: ತುರಿಕೆ ತುಸು ತಗ್ಗಬಹುದು, ಆದರೆ ಮಗುವಿಗೆ ಆಗುವ ಅಪಾಯ ಕಡಿಮೆಯಾಗಲಿಲ್ಲ.

ಮಗುವನ್ನು ಕಾಯುವುದು ಹೆರಿಗೆಯ ಸಮಯ. ಅದಕ್ಕೇ ಬೈಲ್ ಆಸಿಡ್ಡಿನ ಅಂಕಿ ಇಷ್ಟು ಮುಖ್ಯ. ಒಂದೇ ಮಗುವಿರುವ ಬಸಿರಿನಲ್ಲಿ ಅದು ಲೀಟರಿಗೆ 100 ಮೈಕ್ರೊಮೋಲ್ ಮುಟ್ಟದಿದ್ದರೆ, ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಉಳಿದ ಬಸುರಿಯರಿಗಿಂತ ಹೆಚ್ಚೇನಲ್ಲ. 100 ಮುಟ್ಟಿದರೆ ನೂರರಲ್ಲಿ ಸುಮಾರು ಮೂವರಿಗೆ ಆ ಅಪಾಯವಿದೆ. ಆಗ 35–36ನೇ ವಾರದಲ್ಲೇ ಹೆರಿಗೆ ಮಾಡಿಸುತ್ತಾರೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಉಸಿರಾಟದ ತೊಂದರೆ ಬರಬಹುದು. ಆದ್ದರಿಂದ ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ.

ಹೆರಿಗೆಯಾದ ಮೇಲೆ ತುರಿಕೆ ತಾನಾಗಿ ಹೋಗುತ್ತದೆ. ಮುಂದಿನ ಬಸಿರಿನಲ್ಲಿ ಮತ್ತೆ ಬರುವ ಸಂಭವ ಹೆಚ್ಚು, ಡಾಕ್ಟರಿಗೆ ಮೊದಲೇ ಹೇಳಬೇಕು.

ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ಅಪರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮೊದಲ ಟೆಸ್ಟಿನಲ್ಲಿ ಏನೂ ಸಿಗದೆ ತುರಿಕೆ ಹಾಗೇ ಇದ್ದರೆ ಮತ್ತೆ ಮಾಡಿಸಿ. ಎಷ್ಟೋ ಸಲ ತುರಿಕೆ ಮೊದಲು ಬರುತ್ತದೆ, ಅಂಕಿ ಆಮೇಲೆ ಏರುತ್ತದೆ. ರಿಪೋರ್ಟು ಬಂದ ಕೂಡಲೇ ನನಗೆ ಫೋನು ಮಾಡು.

ನಿನ್ನ,
ಶಾರದಕ್ಕ