ಗ್ರಾಫ್ಟನ್ ಬೀದಿಯ ಹಗಲು ಹಾಡು, ರಾತ್ರಿ ಹಾಡು

ಸಾಗರ

ಪ್ರೀತಿಯ ಪುಟ್ಟ,

ಆ ಹಾಡನ್ನು ಇನ್ನು ಮೇಲೆ ಯಾವ ಸ್ಟೇಜಿನಲ್ಲೂ ಹಾಡುವುದಿಲ್ಲ ಅಂತ ನೀನು ಅಂದದ್ದು ಕೇಳಿ ನಿನ್ನ ಭಾವ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಕಾಲೇಜಿನ ದಿನಗಳಿಂದ ನೀನು ಬರೆದು ಇಟ್ಟ ಹಾಡುಗಳೆಲ್ಲ ಒಂದು ಕಡೆ, ಸಿನಿಮಾದಲ್ಲಿ ಬಂದ ಆ ಒಂದು ಹಾಡು ಇನ್ನೊಂದು ಕಡೆ. ಅದು ಶುರುವಾದರೆ ಜನ ಎದ್ದು ಕುಣಿಯುತ್ತಾರೆ, ಮುಗಿದ ಕೂಡಲೇ ಮೊಬೈಲು ನೋಡುತ್ತಾರೆ. ಯಾರಿಗಾದರೂ ಹೊಟ್ಟೆ ಉರಿಯದೆ ಇರುತ್ತದಾ? ಅಮ್ಮನದು ಮಾತ್ರ ಬೇರೆ ರಾಗ: "ಕೇಳೋರು ಇದಾರೆ ಅಂದ್ರೆ ಹಾಡೋಕೆ ಅವನಿಗೇನು ಧಾಡಿ?" ಇದನ್ನು ನಿನಗೆ ಹೇಳಬೇಡ ಅಂತಲೂ ಅಂದಳು. ಹೇಳಿದ್ದೇನೆ.

ಫೋನಿನಲ್ಲಿ ಹೇಳಹೊರಟರೆ "ಸರಿ ಅಕ್ಕ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಒಂದು ಸಲ ರಜಕ್ಕೆ ಬಂದಾಗ 'ಒನ್ಸ್' ಅನ್ನುವ ಐರಿಶ್ ಸಿನಿಮಾ ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದೆಯಲ್ಲ, ಅದರಲ್ಲಿ ಗಿಟಾರ್ ಹಿಡಿದ ಕೆಂಚು ಗಡ್ಡದವನು ನೆನಪಿದೆಯಾ? ಗ್ಲೆನ್ ಹ್ಯಾನ್ಸರ್ಡ್. ನೀನು ಸಿನಿಮಾ ನೋಡಿ ಮುಂದಕ್ಕೆ ಹೋದೆ. ನಾನು ಅವನ ಬೆನ್ನು ಬಿಡಲಿಲ್ಲ. ಮೊದಮೊದಲು ಆ ದನಿ ನನಗೆ ಸೇರಲಿಲ್ಲ ಅನ್ನುವುದು ನಿಜ. ಪಿಸುಗುಡುತ್ತಿದ್ದವನು ಇದ್ದಕ್ಕಿದ್ದ ಹಾಗೆ ಗಂಟಲು ಹರಿದುಕೊಳ್ಳುತ್ತಾನೆ. ಅಷ್ಟು ಜೋರಾಗಿ ಹಾಡುವುದನ್ನು ಅವನು ಎಲ್ಲಿ ಕಲಿತ ಅಂತ ತಿಳಿದ ಮೇಲೆ ಸೇರತೊಡಗಿತು.

ಹುಟ್ಟಿದ್ದು 1970ರಲ್ಲಿ, ಡಬ್ಲಿನ್‌ನಲ್ಲಿ. ಬೆಳೆದದ್ದು ಬ್ಯಾಲಿಮನ್ ಬಡಾವಣೆಯಲ್ಲಿ. ಮನೆಯಿಲ್ಲದವರಿಗೆಂದು ಸರ್ಕಾರ ಎತ್ತರೆತ್ತರದ ಕಟ್ಟಡಗಳನ್ನು ಕಟ್ಟಿಸಿ, ಆಮೇಲೆ ಸರಿಯಾಗಿ ನೋಡಿಕೊಳ್ಳದೆ ಬಿಟ್ಟು, ಕೊನೆಗೆ ತಾನೇ ಕೆಡವಿಸಿದ ಜಾಗ ಅದು. ಹದಿಮೂರನೇ ವಯಸ್ಸಿಗೆ ಹುಡುಗ ಶಾಲೆ ಬಿಟ್ಟ. ತಮಾಷೆ ಎಂದರೆ ಬಿಡು ಅಂದವರು ಹೆಡ್‌ಮಾಸ್ಟರೇ. ಇವನ ತಲೆಯಲ್ಲಿ ಸಂಗೀತ ಬಿಟ್ಟರೆ ಇನ್ನೇನೂ ಇಲ್ಲ ಅಂತ ಅವರಿಗೆ ಗೊತ್ತಾಗಿತ್ತು. ಗಿಟಾರ್ ತೆಗೆದುಕೊಂಡು ಗ್ರಾಫ್ಟನ್ ಬೀದಿಗೆ ಹೋಗು, ತಳದಿಂದ ಶುರುಮಾಡು ಅಂತ ಕಳಿಸಿಕೊಟ್ಟರಂತೆ. ನಮ್ಮ ಹೈಸ್ಕೂಲಿನ ಮೇಷ್ಟ್ರು ನಿನಗೆ ಹಾಗೆ ಹೇಳಿದ್ದರೆ ಅಪ್ಪ ಅವರ ಮನೆ ಬಾಗಿಲಿಗೇ ಹೋಗುತ್ತಿದ್ದರು.

ಗ್ರಾಫ್ಟನ್ ಬೀದಿ ಅಂದರೆ ಡಬ್ಲಿನ್‌ನ ನಡುಮಧ್ಯೆ ವಾಹನಗಳಿಲ್ಲದ ಅಂಗಡಿಸಾಲು. ಒಂದು ತುದಿಯಲ್ಲಿ ಟ್ರಿನಿಟಿ ಕಾಲೇಜು, ಇನ್ನೊಂದು ತುದಿಯಲ್ಲಿ ಸೇಂಟ್ ಸ್ಟೀಫನ್ಸ್ ಗ್ರೀನ್ ಪಾರ್ಕು. ಅಲ್ಲಿ ಗಿಟಾರಿನ ಪೆಟ್ಟಿಗೆ ತೆರೆದಿಟ್ಟು ನಿಂತು ಹಾಡುವವರಿಗೆ ಕೂತು ಕೇಳುವ ಸಭೆ ಇಲ್ಲ. ಎದುರಿಗಿರುವವರು ಚೀಲ ಹಿಡಿದು ನಡೆದುಹೋಗುತ್ತಿರುವವರು. ಅವರನ್ನು ನಿಲ್ಲಿಸಬೇಕಾದರೆ ಮೊದಲ ಸಾಲಿನಲ್ಲೇ ನಿಲ್ಲಿಸಬೇಕು. ಈಗಲೂ ಅವನ ಆ ಹಳೆಯ ಟಾಕಮೀನೆ ಗಿಟಾರ್ ನೋಡಬೇಕು: ಪ್ಲೆಕ್ಟ್ರಮ್ ಉಜ್ಜಿ ಉಜ್ಜಿ ಮರವೇ ಸವೆದು, ಸ್ವರರಂಧ್ರದ ಪಕ್ಕದಲ್ಲಿ ಇನ್ನೊಂದು ದೊಡ್ಡ ತೂತು ಬಿದ್ದಿದೆ.

1990ರಲ್ಲಿ 'ದ ಫ್ರೇಮ್ಸ್' ಅನ್ನುವ ರಾಕ್ ಬ್ಯಾಂಡ್ ಕಟ್ಟಿದ. ಮರುವರ್ಷ ಐಲ್ಯಾಂಡ್ ರೆಕಾರ್ಡ್ಸ್‌ನಿಂದ ಮೊದಲ ಆಲ್ಬಮ್ ಬಂತು, ಅಷ್ಟೇ ಬೇಗ ಕಂಪನಿಯವರು ಕೈಬಿಟ್ಟರು. ಅದೇ 1991ರಲ್ಲಿ ಆಲನ್ ಪಾರ್ಕರ್‌ನ 'ದ ಕಮಿಟ್‌ಮೆಂಟ್ಸ್' ಸಿನಿಮಾದಲ್ಲಿ ಗಿಟಾರ್ ನುಡಿಸುವ ಔಟ್‌ಸ್ಪ್ಯಾನ್ ಫಾಸ್ಟರ್ ಪಾತ್ರ ಮಾಡಿದ. ಸಿನಿಮಾ ಗೆದ್ದಿತು. ಬೀದಿಯಲ್ಲಿ ಜನ ಗುರುತು ಹಿಡಿದರು, ಆದರೆ ಔಟ್‌ಸ್ಪ್ಯಾನ್ ಅಂತ. ಅದು ಅವನಿಗೆ ಹಿಡಿಸಲಿಲ್ಲ, ಆ ಸಿನಿಮಾ ತನ್ನ ಸಂಗೀತಕ್ಕೆ ಅಡ್ಡ ಬಂತು ಅಂತಲೇ ಬಹಳ ಕಾಲ ಅಂದುಕೊಂಡಿದ್ದ. ನಿನ್ನ ಸಂಕಟ ಅವನಿಗೆ ಇಪ್ಪತ್ತೊಂದಕ್ಕೇ ಬಂದಿತ್ತು ನೋಡು.

ಆಮೇಲಿನ ಹದಿನೈದು ವರ್ಷವನ್ನು ನಾಲ್ಕು ಸಾಲಿನಲ್ಲಿ ಮುಗಿಸುತ್ತೇನೆ, ಯಾಕೆಂದರೆ ಐರ್ಲೆಂಡಿನ ಹೊರಗೆ ಹೆಚ್ಚು ಜನ ಅದನ್ನು ಗಮನಿಸಲಿಲ್ಲ. ವ್ಯಾನು ಹತ್ತಿ ಊರೂರು ತಿರುಗಿದರು, ಕಂಪನಿಗಳು ಬದಲಾದವು, ಕೊನೆಗೆ ತಮ್ಮದೇ ಲೇಬಲ್ ಮಾಡಿಕೊಂಡರು. 2001ರ 'ಫಾರ್ ದ ಬರ್ಡ್ಸ್' ಆಲ್ಬಮ್ ಮಾತ್ರ ನೀನು ಕೂತು ಕೇಳಬೇಕು. ನನ್ನನ್ನು ಕೇಳಿದರೆ ಮುಂದೆ ಅವನಿಗೆ ಆಸ್ಕರ್ ತಂದುಕೊಟ್ಟ ಹಾಡಿಗಿಂತ ಅದರಲ್ಲಿರುವ ಎರಡು ಮೂರು ಹಾಡು ಮೇಲು.

ಈಗ 'ಒನ್ಸ್' ಸಿನಿಮಾದ ಕಥೆಗೆ ಬರುತ್ತೇನೆ. ಜಾನ್ ಕಾರ್ನಿ ಫ್ರೇಮ್ಸ್‌ನಲ್ಲೇ ಮೊದಲ ಮೂರು ವರ್ಷ ಬೇಸ್ ನುಡಿಸುತ್ತಿದ್ದವನು, ಆಮೇಲೆ ನಿರ್ದೇಶಕನಾದವನು. ಬೀದಿ ಹಾಡುಗಾರನ ಬಗ್ಗೆ ಒಂದು ಚಿಕ್ಕ ಸಿನಿಮಾ ಮಾಡುತ್ತೇನೆ, ಹಾಡು ಬರೆದುಕೊಡು ಅಂದ. ಹ್ಯಾನ್ಸರ್ಡ್‌ಗೆ ಒಪ್ಪಿಸಿದ್ದ ಕೆಲಸ ಅಷ್ಟೇ. ನಾಯಕನಾಗಬೇಕಿದ್ದವನು ಕಿಲಿಯನ್ ಮರ್ಫಿ. ಅವನು ಹಿಂದೆ ಸರಿದಾಗ ಹಣ ಹಾಕುವವರೂ ಸರಿದರು. ಆಗ ಕಾರ್ನಿ ಹಾಡು ಬರೆದವನನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ. ಪಕ್ಕದಲ್ಲಿ ಮಾರ್ಕೆಟಾ ಇರ್ಗ್ಲೋವಾ, ಪಿಯಾನೊ ನುಡಿಸುವ ಚೆಕ್ ಹುಡುಗಿ. ಆಗಿನ್ನೂ ಹದಿನೇಳು ಹದಿನೆಂಟು. ಅವಳ ಜೊತೆ ಹ್ಯಾನ್ಸರ್ಡ್ ಆಗಲೇ 'ದ ಸ್ವೆಲ್ ಸೀಸನ್' ಹೆಸರಿನಲ್ಲಿ ಹಾಡು ಕಟ್ಟುತ್ತಿದ್ದ. 2006ರ ಚಳಿಗಾಲದಲ್ಲಿ, ಹದಿನೇಳು ದಿನದಲ್ಲಿ, ಒಂದೂವರೆ ಲಕ್ಷ ಯೂರೋ ಕೂಡ ತಲುಪದ ಖರ್ಚಿನಲ್ಲಿ ಶೂಟಿಂಗ್ ಮುಗಿಯಿತು. ದೂರದಿಂದ ಉದ್ದ ಲೆನ್ಸ್ ಹಾಕಿ ತೆಗೆದದ್ದರಿಂದ ಬೀದಿಯಲ್ಲಿ ಓಡಾಡುವವರಿಗೆ ಸಿನಿಮಾ ನಡೆಯುತ್ತಿದೆ ಅನ್ನುವುದೇ ಗೊತ್ತಾಗಲಿಲ್ಲ. ಪಾರ್ಟಿಯ ದೃಶ್ಯ ಅವನದೇ ಮನೆಯಲ್ಲಿ, ಅವನ ಸ್ನೇಹಿತರನ್ನೇ ಕೂರಿಸಿ ತೆಗೆದದ್ದು.

ಅದರ ಶುರುವಿನಲ್ಲಿ ಒಂದು ಮಾತಿದೆ, ನೀನು ಗಮನಿಸಿರಲಿಕ್ಕಿಲ್ಲ. ಹಗಲು ಹೊತ್ತು ಅವನು ಜನಕ್ಕೆ ಗೊತ್ತಿರುವ ಹಾಡುಗಳನ್ನೇ ಹಾಡುತ್ತಾನೆ, ವ್ಯಾನ್ ಮಾರಿಸನ್‌ನದು ಮುಂತಾಗಿ. ಗೊತ್ತಿಲ್ಲದ ಹಾಡಿಗೆ ಕಾಸು ಬೀಳುವುದಿಲ್ಲ. ತನ್ನ ಸ್ವಂತ ಹಾಡನ್ನು ರಾತ್ರಿ ಅಂಗಡಿ ಮುಚ್ಚಿದ ಮೇಲೆ, ಖಾಲಿ ಬೀದಿಯಲ್ಲಿ, ಕೂಗಿ ಹಾಡುತ್ತಾನೆ. ಅದನ್ನು ನಿಂತು ಕೇಳುವವಳು ಆ ಹುಡುಗಿ ಒಬ್ಬಳೇ, ಮತ್ತು ಅವಳು ಕೇಳುವ ಒಂದು ಪ್ರಶ್ನೆ ಇದನ್ನು ಹಗಲು ಯಾಕೆ ಹಾಡುವುದಿಲ್ಲ ಅಂತ. ಆ ರಾತ್ರಿ ಹಾಡು ಸಿನಿಮಾಕ್ಕೆಂದು ಬರೆದದ್ದೇ ಅಲ್ಲ. ಫ್ರೇಮ್ಸ್‌ನ ತೊಂಬತ್ತರ ದಶಕದ 'ಫಿಟ್ಸ್‌ಕರಾಲ್ಡೊ' ಆಲ್ಬಮ್‌ನಲ್ಲಿ ಬಂದು, ಹೊರಗಿನವರು ಯಾರೂ ಕಿವಿಗೊಡದೆ ಬಿದ್ದಿದ್ದ ಹಾಡು. ನೀನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಾಡುತ್ತೀಯಲ್ಲ, ಸ್ಟೇಜಿಗೆ ತರುವುದಿಲ್ಲವಲ್ಲ, ಅಂಥದ್ದೇ.

ಇನ್ನು ಆ ಪ್ರಸಿದ್ಧ ಹಾಡು, 'ಫಾಲಿಂಗ್ ಸ್ಲೋಲಿ'. ಇದರ ಜಾತಕ ಸ್ವಾರಸ್ಯವಾಗಿದೆ. ಸಿನಿಮಾ ಜನರಿಗೆ ಮುಟ್ಟುವ ಮೊದಲೇ ಅದು 2006ರಲ್ಲಿ ಸ್ವೆಲ್ ಸೀಸನ್ ಆಲ್ಬಮ್‌ನಲ್ಲಿ ಬಂದಿತ್ತು. ಅದೇ ವರ್ಷ ಫ್ರೇಮ್ಸ್‌ನ 'ದ ಕಾಸ್ಟ್' ಆಲ್ಬಮ್‌ನಲ್ಲಿ ಪೂರ್ತಿ ಬ್ಯಾಂಡಿನ ಜೊತೆ ಬಂದಿತ್ತು. ಒಂದು ಚೆಕ್ ಸಿನಿಮಾದಲ್ಲೂ ಕೇಳಿಸಿತ್ತು. ಆಸ್ಕರ್‌ಗೆ ನಾಮನಿರ್ದೇಶನವಾದಾಗ ಇದೇ ತಕರಾರಾಯಿತು: ಈ ಸಿನಿಮಾಕ್ಕೆಂದೇ ಬರೆದ ಹಾಡು ಹೌದೋ ಅಲ್ಲವೋ? ಅಕಾಡೆಮಿಯವರು ವಿಚಾರಿಸಿ, ಸಿನಿಮಾಕ್ಕೆಂದೇ ಬರೆದದ್ದು, ಸಿನಿಮಾ ತಯಾರಾಗುವುದು ತಡವಾಯಿತು, ಅಷ್ಟರಲ್ಲಿ ಅಲ್ಲಿ ಇಲ್ಲಿ ಹಾಡಿದ್ದಾರೆ ಅಷ್ಟೆ ಅಂತ ಒಪ್ಪಿಕೊಂಡರು. ಅಂದರೆ ಸಾಹಿತ್ಯ, ರಾಗ, ಹಾಡುವವನು ಎಲ್ಲ ಅವೇ ಇದ್ದರೂ ಅಷ್ಟೂ ಸಲ ಜಗತ್ತು ಸುಮ್ಮನೆ ದಾಟಿಹೋಗಿತ್ತು. ಸಿನಿಮಾದಲ್ಲಿ ಮಾತ್ರ ನಿಂತಿತು. ಯಾಕೆ?

ನನಗೆ ತೋಚಿದ್ದು ಹೇಳುತ್ತೇನೆ. ಆ ದೃಶ್ಯ ನಡೆಯುವುದು ಡಬ್ಲಿನ್‌ನ ವಾಲ್ಟನ್ಸ್ ಸಂಗೀತದಂಗಡಿಯಲ್ಲಿ. ಹುಡುಗಿಗೆ ಪಿಯಾನೊ ಕೊಳ್ಳುವ ಶಕ್ತಿಯಿಲ್ಲ. ಊಟದ ಹೊತ್ತಿನಲ್ಲಿ ನುಡಿಸಲು ಅಂಗಡಿಯವನು ಬಿಡುತ್ತಾನೆ. ಇವನು ಪಕ್ಕದಲ್ಲಿ ಕೂತು ಹೊಸ ಹಾಡು ಕಲಿಸುತ್ತಾನೆ. ಈ ಸ್ವರ, ಆಮೇಲೆ ಇದು, ಇಲ್ಲಿ ತಿರುಗುತ್ತದೆ. ಅವಳು ಮೊದಲು ತಡವುತ್ತಾಳೆ, ಆಮೇಲೆ ಜೊತೆ ಹಿಡಿಯುತ್ತಾಳೆ, ಕೊನೆಗೆ ತನ್ನದೇ ದನಿ ಸೇರಿಸುತ್ತಾಳೆ. ನೋಡುವವರೂ ಅವಳ ಜೊತೆಗೇ ಹಾಡು ಕಲಿಯುತ್ತಾರೆ. ಹಾಗೆ ಕಲಿತದ್ದನ್ನು ಯಾರು ಮರೆಯುತ್ತಾರೆ? ನಿನ್ನ ಹಾಡಿಗೂ ಅದೇ ಆಗಿದೆ. ಸಿನಿಮಾದಲ್ಲಿ ನಿನ್ನ ಹಾಡು ಬರುವ ಮಳೆಯ ದೃಶ್ಯ ನೋಡಿದವರು ಅದನ್ನು ಕೇಳುವಾಗ ತಮ್ಮ ಯಾವುದೋ ಮಳೆಯನ್ನು ಕೇಳುತ್ತಿರುತ್ತಾರೆ. ಅದು ನಿನ್ನ ಪ್ರತಿಭೆಗೆ ಮಾಡಿದ ಅವಮಾನ ಹೇಗಾಗುತ್ತದೆ?

2008ರ ಫೆಬ್ರವರಿ 24ರ ಆಸ್ಕರ್ ರಾತ್ರಿಯ ವಿಡಿಯೊ ಸಿಕ್ಕರೆ ನೋಡು. ಎದುರಾಳಿಗಳಲ್ಲಿ ಮೂರು ಹಾಡು ಒಂದೇ ಡಿಸ್ನಿ ಸಿನಿಮಾದವು. ಗೆದ್ದದ್ದು ಇವರು. ಹ್ಯಾನ್ಸರ್ಡ್ ಉಸಿರು ಬಿಡದೆ ಮಾತಾಡಿದ, ಮಾರ್ಕೆಟಾ ಬಾಯಿ ತೆರೆಯುವಷ್ಟರಲ್ಲಿ ವಾದ್ಯದವರು ಶುರುಮಾಡಿಬಿಟ್ಟರು. ಜಾಹೀರಾತು ಮುಗಿದ ಮೇಲೆ ನಿರೂಪಕ ಜಾನ್ ಸ್ಟೀವರ್ಟ್ ಅವಳನ್ನು ಮತ್ತೆ ವೇದಿಕೆಗೆ ಕರೆತಂದು ಮಾತಾಡಿಸಿದ. ಹತ್ತೊಂಬತ್ತರ ಹುಡುಗಿ, ನಡುಗದೆ, ಹಾಡಿನಿಂದ ಹೊಟ್ಟೆ ಹೊರೆಯಲು ಹೆಣಗುವವರ ಪರವಾಗಿ ನಾಲ್ಕು ಮಾತಾಡಿ ಇಳಿದಳು. ನನಗೆ ಅವನಿಗಿಂತ ಅವಳ ಮಾತೇ ಇಷ್ಟ.

ಆದರೆ ಎಲ್ಲವೂ ಸುಖವಾಯಿತು ಅಂದುಕೊಳ್ಳಬೇಡ. ಆ ದಿನಗಳ ಬಗ್ಗೆ 2011ರಲ್ಲಿ 'ದ ಸ್ವೆಲ್ ಸೀಸನ್' ಅನ್ನುವ ಸಾಕ್ಷ್ಯಚಿತ್ರ ಬಂತು, ಕಪ್ಪು ಬಿಳುಪಿನದು. ಅಭಿಮಾನಿಗಳು ಮುತ್ತಿಕೊಳ್ಳುವುದು ಅವಳಿಗೆ ಒಗ್ಗುವುದಿಲ್ಲ, ಅವನಿಗೆ ಗೆಲುವನ್ನು ಎಲ್ಲಿ ಇಟ್ಟುಕೊಳ್ಳಬೇಕು ತಿಳಿಯುವುದಿಲ್ಲ. ಸಿನಿಮಾದ ಹೊರಗೂ ಬೆಳೆದಿದ್ದ ಅವರ ಪ್ರೀತಿ ಮುರಿಯಿತು. 'ಒನ್ಸ್' ಮಾತ್ರ ನಾಟಕವಾಗಿ ಬ್ರಾಡ್‌ವೇಗೆ ಹೋಗಿ 2012ರಲ್ಲಿ ಎಂಟು ಟೋನಿ ಪ್ರಶಸ್ತಿ ತಂದಿತು. ಅಲ್ಲಿ ಬೇರೊಬ್ಬ ನಟ ದಿನಾ ಅವನ ಹಾಡು ಹಾಡುತ್ತಿದ್ದ. ಆ ಹೊತ್ತಿಗೆ ಇವನು ತನ್ನ ಹೆಸರಿನ ಮೊದಲ ಆಲ್ಬಮ್ 'ರಿದಮ್ ಅಂಡ್ ರಿಪೋಸ್' ಹೊರಗೆ ಬಿಟ್ಟು ಮತ್ತೆ ರಸ್ತೆಗೆ ಬಿದ್ದಿದ್ದ. ಅದೂ ಸೇರಿ 2023ರವರೆಗೆ ಐದು ಆಲ್ಬಮ್. 2015ರದು ಗ್ರ್ಯಾಮಿಗೆ ನಾಮನಿರ್ದೇಶನವಾಯಿತು. ಯಾವುದೂ ಆ ಒಂದು ಹಾಡಿನಷ್ಟು ದೂರ ಹೋಗಲಿಲ್ಲ.

ಮತ್ತೆ ಅವನು ಏನು ಮಾಡಿದ? ಹಾಡಿದ. ಈಗಲೂ ಹಾಡುತ್ತಾನೆ, ಆ ಹಾಡನ್ನೂ ಸೇರಿಸಿ. ಬೀದಿಯಲ್ಲಿ ಬೆಳೆದವನಾದ್ದರಿಂದ ಇದು ಅವನಿಗೆ ಸಾಧ್ಯವಾಯಿತು ಅಂತ ನನ್ನ ಎಣಿಕೆ. ಬೀದಿ ಹಾಡುಗಾರನಿಗೆ ಕೈಯಲ್ಲಿರುವುದು ನಾಲ್ಕು ಹಾಡು, ಎದುರಿಗೆ ಬರುವವರು ಪ್ರತಿ ಎರಡು ನಿಮಿಷಕ್ಕೂ ಹೊಸಬರು. ನಮ್ಮೂರ ಗದ್ದೆಗೆ ಬರುತ್ತಿದ್ದ ಮೇಳದ ಭಾಗವತರನ್ನು ನೆನೆಸಿಕೊ. ನಿನ್ನೆ ಇನ್ನೊಂದು ಊರಿನಲ್ಲಿ ಹಾಡಿದ ಅದೇ ಪ್ರಸಂಗದ ಅದೇ ಪದ, ನಾಳೆ ಮತ್ತೊಂದು ಊರಿನಲ್ಲೂ ಅದೇ. ಒಂದು ದಿನವಾದರೂ ಅವರು ಮುಖ ಸಣ್ಣ ಮಾಡಿಕೊಂಡು ಹಾಡಿದ್ದು ನೋಡಿದ್ದೀಯಾ? ಹಾಡು ಹಳೆಯದಾಗಿದ್ದು ಹಾಡುವವನಿಗೆ, ಕೂತವನಿಗಲ್ಲ.

ಬಂದ ಹೆಸರನ್ನು ಅವನು ಬಳಸಿದ ರೀತಿಯೂ ನನಗೆ ಇಷ್ಟ. ಪ್ರತಿ ಕ್ರಿಸ್ಮಸ್ ಮುನ್ನಾದಿನ ಡಬ್ಲಿನ್‌ನ ಬೀದಿಯಲ್ಲಿ ಮನೆಯಿಲ್ಲದವರಿಗಾಗಿ ಹಣ ಎತ್ತಲು ಹಾಡುವ ಪದ್ಧತಿಯೊಂದು ಬೆಳೆಯಿತು, ಅದರ ನಡುವೆ ನಿಲ್ಲುವವನು ಇವನು. ಬೋನೊನಂಥ ಹೆಸರಾಂತ ಗಾಯಕರೂ ಪಕ್ಕದಲ್ಲಿ ನಿಂತು ಹಾಡಿದ್ದಾರೆ. 2016ರ ಡಿಸೆಂಬರಿನಲ್ಲಿ ಖಾಲಿ ಬಿದ್ದಿದ್ದ ಅಪೊಲೊ ಹೌಸ್ ಎಂಬ ಕಚೇರಿ ಕಟ್ಟಡಕ್ಕೆ ನುಗ್ಗಿ, ಬೀದಿಯಲ್ಲಿ ಮಲಗುತ್ತಿದ್ದವರಿಗೆ ಹಾಸಿಗೆ ಹಾಕಿಕೊಟ್ಟವರ ಜೊತೆಯೂ ಇದ್ದ; ಕೋರ್ಟು ಆದೇಶ ಮಾಡಿ ಬಿಡಿಸಬೇಕಾಯಿತು. 2023ರ ಡಿಸೆಂಬರಿನಲ್ಲಿ ಐರಿಶ್ ಹಾಡುಗಾರ ಶೇನ್ ಮ್ಯಾಕ್‌ಗೋವನ್‌ನ ಅಂತ್ಯಕ್ರಿಯೆ ನಡೆದಾಗ ನೀನಾ ಊರಿನ ಚರ್ಚಿನಲ್ಲಿ ಅವನ ಹಾಡನ್ನು ಲೀಸಾ ಓನೀಲ್ ಜೊತೆ ಹಾಡಿದ. ಶವಪೆಟ್ಟಿಗೆಯ ಮುಂದೆಯೇ ಮನೆಯವರು ಎದ್ದು ಕುಣಿದರು. ಆವತ್ತು ಅಲ್ಲಿ ಯಾರಿಗೂ ಇವನ ಆಸ್ಕರ್ ಹಾಡು ಬೇಕಿರಲಿಲ್ಲ. ಅಂದಹಾಗೆ ಮಾರ್ಕೆಟಾ ಈಗ ಐಸ್‌ಲೆಂಡಿನಲ್ಲಿ ಸಂಸಾರ ಹೂಡಿದ್ದಾಳೆ. ಅಲ್ಲಿಯೇ ಇಬ್ಬರೂ ಮತ್ತೆ ಸೇರಿ ಮಾಡಿದ 'ಫಾರ್ವರ್ಡ್' ಆಲ್ಬಮ್ 2025ರಲ್ಲಿ ಬಂತು, ಅವರ ಹಿಂದಿನ ಜೋಡಿ ಆಲ್ಬಮ್ ಬಂದು ಹದಿನಾರು ವರ್ಷದ ಮೇಲೆ. ಕೇಳಿ ನನಗೂ ಹೇಳು.

ಈಗ ನೀನು ಹಾಡಲಿರುವ ಶಿವಮೊಗ್ಗದ ಕಾರ್ಯಕ್ರಮದ ಮಾತು. ಆ ಹಾಡನ್ನು ಕೊನೆಗೆ ಇಟ್ಟುಕೊಂಡು ಜನರನ್ನು ಕಾಯಿಸಬೇಡ; ಕಾಯುವವರು ಬೇರೇನೂ ಕೇಳುವುದಿಲ್ಲ. ಎರಡನೆಯದೋ ಮೂರನೆಯದೋ ಮಾಡಿ ಮನಸಾರೆ ಹಾಡಿ ಮುಗಿಸು, ಅದರ ಬೆನ್ನಿಗೇ ಅಪ್ಪನ ಸೈಕಲ್ಲಿನ ಬಗ್ಗೆ ನೀನು ಬರೆದದ್ದನ್ನು ಹಾಡು. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ. ಅಮ್ಮ ಮುಂದಿನ ಸಾಲಿನಲ್ಲಿ ಕೂರಬೇಕಂತೆ, ಎರಡು ಪಾಸ್ ಜಾಸ್ತಿ ತೆಗೆದಿಡು. ನಿನ್ನ ಭಾವನಿಗೂ ಒಂದು, ನಕ್ಕಿದ್ದಕ್ಕೆ ಹಿಂದಿನ ಸಾಲಿನದು ಕೊಟ್ಟರೂ ಪರವಾಗಿಲ್ಲ.

ನಿನ್ನ
ಅಕ್ಕ