ಹೌದೆಂಬ ಉತ್ತರ

ಪ್ರಶ್ನೆ ಕೇಳುವುದು ಸುಲಭ, ಉತ್ತರ ಹೇಳುವುದೇ ಕಷ್ಟವೆಂದು ಲೋಕದ ಭಾವನೆ. ಕೇಳುವವನು ಕಾಗದವನ್ನೂ ಲೇಖನಿಯನ್ನೂ ಹಿಡಿದು ಕುಳಿತರೆ ಅವನ ಕೆಲಸ ಮುಗಿಯಿತೆಂದು ಬಹುಮಂದಿ ತಿಳಿದಿರುವರು. ಆದರೆ ಉತ್ತರ ಹೇಳಬೇಕಾದವನು ಬುದ್ಧಿಯ ಬೆಳವಣಿಗೆ ಕುಂಠಿತವಾದವನಾಗಿ, ಹುಟ್ಟಿದಂದಿನಿಂದ ಇತರರ ಅಪ್ಪಣೆಯಂತೆ ನಡೆದವನಾಗಿದ್ದರೆ, ಕಷ್ಟದ ಹೊರೆಯು ಕೇಳುವವನ ಹೆಗಲಿಗೆ ಬರುತ್ತದೆ. “ಇಲ್ಲಿ ಸುಖವಾಗಿದ್ದೀಯಲ್ಲವೆ?” ಎಂದರೆ ಅವನು “ಹೌದು” ಎನ್ನುತ್ತಾನೆ. “ಇಲ್ಲಿ ಬೇಸರವಾಗುತ್ತದೆಯಲ್ಲವೆ?” ಎಂದರೂ “ಹೌದು” ಎನ್ನುತ್ತಾನೆ. ಈ ಎರಡು ಹೌದುಗಳಲ್ಲಿ ಯಾವುದನ್ನು ಬರೆದುಕೊಳ್ಳತಕ್ಕದ್ದು?

ಇಂಥವರ ಸ್ಥಿತಿಗೆ ಇಂಗ್ಲೆಂಡಿನಲ್ಲಿ ‘ಕಲಿಕೆಯ ನ್ಯೂನತೆ’ ಎಂಬ ಹೆಸರುಂಟು. ಭಾರತದಲ್ಲಿ ಆ ಹೆಸರು ಸಾಮಾನ್ಯವಾಗಿ ಓದುಬರಹಗಳಲ್ಲಿಯೂ ಲೆಕ್ಕದಲ್ಲಿಯೂ ತೊಡಕುಳ್ಳವರಿಗೆ ಸಲ್ಲುವುದರಿಂದ, ಇಲ್ಲಿಯ ವಿಷಯವು ಬೌದ್ಧಿಕ ವೈಕಲ್ಯವುಳ್ಳವರದೆಂದು ವಾಚಕರು ಗ್ರಹಿಸಬೇಕು. ಅವರ ಬಾಳನ್ನು ಅಂಕಿಗಳಿಂದಲ್ಲದೆ ಮಾತು, ನಡೆ, ನೆನಪುಗಳಿಂದ ಅರಿಯುವ ಮಾರ್ಗವೇ ಗುಣಾತ್ಮಕ ಸಂಶೋಧನೆ. ಸಂದರ್ಶನ, ಜೊತೆಯಲ್ಲಿದ್ದು ನೋಡುವುದು, ಜೀವನಕಥನ, ಗುಂಪಿನ ಮಾತುಕತೆ, ಚಿತ್ರಗಳ ನೆರವು ಮುಂತಾದುವು ಅದರ ಸಾಧನಗಳು. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ವಿದ್ವಾಂಸನ ಅನುಕೂಲದ ಮಾತಲ್ಲ; ಒಬ್ಬ ಮನುಷ್ಯನ ಬಾಳು ನಿಜವಾಗಿ ದಾಖಲಾಗುವುದೋ ಸುಳ್ಳಾಗಿ ದಾಖಲಾಗುವುದೋ ಎಂಬ ಮಾತು.

1981ರಲ್ಲಿ ಅಮೆರಿಕೆಯ ಕ್ಯಾರೊಲ್ ಸಿಗೆಲ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಈ ‘ಹೌದಿ’ನ ರೋಗವನ್ನು ಪರೀಕ್ಷಿಸಿ ಬರೆದರು. ಒಂದಕ್ಕೊಂದು ವಿರುದ್ಧವಾದ ಪ್ರಶ್ನೆಗಳೆರಡಕ್ಕೂ ಒಪ್ಪಿಗೆ ಕೊಡುವವರು ಅನೇಕರೆಂದು ಕಂಡುಬಂದಿತು. “ಇದೋ ಅದೋ” ಎಂದು ಕೇಳಿದರೆ ಕೆಲವರು ಕೊನೆಗೆ ಕೇಳಿದ್ದನ್ನೇ ಹಿಡಿಯುವರು. ಚಿತ್ರಗಳನ್ನು ಮುಂದಿಟ್ಟು ಕೇಳಿದರೆ ಉತ್ತರವು ಹೆಚ್ಚು ನಂಬತಕ್ಕದ್ದಾಗುವುದು. ಹೀಗಿರಲು, ದೋಷವು ಉತ್ತರ ಹೇಳಿದವರ ಬುದ್ಧಿಯದೆಂದು ಬಹುಕಾಲ ಎಣಿಸಲಾಯಿತು. 1996ರಲ್ಲಿ ಮಾರ್ಕ್ ರ‍್ಯಾಪ್ಲಿ, ಚಾರ್ಲ್ಸ್ ಅಂಟಾಕಿ ಎಂಬ ಇಬ್ಬರು ಸಂದರ್ಶನಗಳ ಧ್ವನಿಮುದ್ರಣಗಳನ್ನು ಮಾತುಮಾತಾಗಿ ಬಿಡಿಸಿ ನೋಡಿದಾಗ ಬೇರೊಂದು ಸಂಗತಿ ಹೊರಬಿದ್ದಿತು. ಮೊದಲು ಬಂದ ಉತ್ತರ ತನಗೆ ಒಪ್ಪದಿದ್ದರೆ ಪ್ರಶ್ನಿಸುವವನು ಅದೇ ಪ್ರಶ್ನೆಯನ್ನು ಮತ್ತೊಂದು ರೂಪದಲ್ಲಿ ಕೇಳುತ್ತಿದ್ದನು. ಎದುರಿಗಿದ್ದವನು ತನ್ನ ಉತ್ತರ ತಪ್ಪಾಯಿತೆಂದು ತಿಳಿದು ಅದನ್ನು ಬದಲಿಸುತ್ತಿದ್ದನು. ಇದರಲ್ಲಿ ಮಾಂದ್ಯವೇನು ಬಂತು? ಅಧಿಕಾರಿಯ ಮುಂದೆ ನಿಂತ ಯಾವ ಬಡವನಾದರೂ ಹೀಗೆಯೇ ಮಾಡುವನು.

ಹಾಗಾದರೆ ಹೌದು-ಇಲ್ಲಗಳ ಪ್ರಶ್ನೆಯನ್ನೇ ಕೈಬಿಟ್ಟು, “ನಿನ್ನ ಕಥೆಯನ್ನು ಹೇಳು” ಎಂದರೆ ಸಾಕೆ? ಅದೂ ಸಾಲದು. ಇಂಗ್ಲೆಂಡಿನ ಟಿಮ್ ಬೂತ್, ವೆಂಡಿ ಬೂತ್ ದಂಪತಿಗಳು 1996ರಲ್ಲಿ ಒಬ್ಬ ಯುವಕನ ವಿಚಾರವನ್ನು ಬರೆದಿರುವರು. ಅವನ ಉತ್ತರಗಳು ಬಹುಮಟ್ಟಿಗೆ ಒಂದೊಂದೇ ಶಬ್ದದವು. ವಿಶಾಲವಾದ ಪ್ರಶ್ನೆಗೆ ಅವನಲ್ಲಿ ಮೌನವೇ ಉತ್ತರ. ಅವನಿಗಾಗಿ ಅವರು ಚಿಕ್ಕಚಿಕ್ಕ ನೇರ ಪ್ರಶ್ನೆಗಳನ್ನೇ ಆಶ್ರಯಿಸಿ, ಅಲ್ಲದ್ದನ್ನು ಒಂದೊಂದಾಗಿ ಕಳೆಯುತ್ತ, ಅವನ ಮೌನಗಳಿಗೂ ಕಿವಿಗೊಡುತ್ತ ನಡೆಯಬೇಕಾಯಿತು. ಒಬ್ಬನಿಗೆ ಬಲೆಯಾದ ಪ್ರಶ್ನೆ ಮತ್ತೊಬ್ಬನಿಗೆ ಊರುಗೋಲಾಯಿತು. ಕಾಲಿಫೋರ್ನಿಯದ ರಾಬರ್ಟ್ ಎಡ್ಜರ್ಟನ್ನರ ಕೆಲಸವು ಇನ್ನೊಂದು ಬಗೆಯದು. ಆಸ್ಪತ್ರೆಯಿಂದ ಬಿಡುಗಡೆ ಹೊಂದಿ ಊರಿನಲ್ಲಿ ಬಾಳುತ್ತಿದ್ದವರ ವಿಷಯವಾಗಿ ಅವರು 1967ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಆ ಜನರು ತಮ್ಮ ಹಿಂದಿನ ಬಾಳನ್ನು ಮುಚ್ಚಿಡುವುದಕ್ಕಾಗಿ ಪಡುತ್ತಿದ್ದ ಪಾಡು ಒಂದು ಪ್ರಶ್ನಾವಳಿಗೆ ಸಿಕ್ಕುವಂಥದಲ್ಲ. ಮುಚ್ಚಿಟ್ಟದ್ದು ತಿಳಿಯಬೇಕಾದರೆ ಮನೆಗೆ ಹೋಗಿ ಬಂದು ಬಳಕೆಯಾಗಬೇಕು.

ಈ ವಿದ್ವಾಂಸರಿಗಿಂತಲೂ ದೊಡ್ಡ ಪಾಠವನ್ನು ಕಲಿಸಿದವರು ಲಂಡನ್ನಿನ ದಕ್ಷಿಣಕ್ಕಿರುವ ಕೇಟರ್‌ಹ್ಯಾಮಿನ ಸೇಂಟ್ ಲಾರೆನ್ಸ್ ಆಸ್ಪತ್ರೆಯ ನಾಲ್ವರು ನಿವಾಸಿಗಳು. ಜೋಯಿ ಡೀಕನ್ ಎಂಬಾತನು ಹುಟ್ಟಿನಿಂದಲೇ ಮಿದುಳಿನ ಪಾರ್ಶ್ವವಾಯುವಿಗೆ ತುತ್ತಾದವನು. ಬಾಲ್ಯದಲ್ಲಿಯೇ ಅಲ್ಲಿಗೆ ಸೇರಿದವನು. ಆತನ ಮಾತು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದುದು ಗೆಳೆಯ ಅರ್ನಿ ರಾಬರ್ಟ್ಸನಿಗೆ. ಜೋಯಿ ನುಡಿದುದನ್ನು ಅರ್ನಿ ಮರುನುಡಿದನು. ಮೈಕಲ್ ಸ್ಯಾಂಗ್‌ಸ್ಟರ್ ಬರೆದುಕೊಂಡನು. ಟಾಮ್ ಬ್ಲ್ಯಾಕ್‌ಬರ್ನ್ ಬೆರಳಚ್ಚು ಮಾಡಿದನು. ನಾಲ್ಕು ಕೈಗಳನ್ನು ದಾಟಿ ಬಂದ ಆ ಆತ್ಮಕಥೆ 1974ರಲ್ಲಿ ಅಚ್ಚಾಯಿತು. ಅದೇ ಆಸ್ಪತ್ರೆಯಲ್ಲಿ ಅನೇಕ ವರ್ಷಗಳನ್ನು ಕಳೆದ ಮೇಬಲ್ ಕೂಪರ್ ಎಂಬಾಕೆ ಮುಂದೆ ಹೊರಬಂದು, ತನ್ನ ಬಾಳಿನ ಕಥೆಯನ್ನು ಡಾರತಿ ಅಟ್ಕಿನ್‌ಸನ್ನರಿಗೆ ಹೇಳಿದಳು. ಅವರು ಅದನ್ನು ಧ್ವನಿಮುದ್ರಿಸಿ, ಬರೆದು, ಆಕೆಗೇ ಓದಿ ಹೇಳಿದರು. 1997ರಲ್ಲಿ ಅದು ಪ್ರಕಟವಾಯಿತು. ಒಪ್ಪಿಗೆಯಾಗದ ಮಾತನ್ನು ತಿದ್ದುವ ಅಧಿಕಾರವು ಕಥೆಯ ಒಡತಿಯ ಕೈಯಲ್ಲಿದ್ದುದೇ ಆ ವಿಧಾನದ ಸಾರ.

ಕನ್ನಡದಲ್ಲಿ ಈ ಕೆಲಸಕ್ಕೆ ಹೊರಡುವವರು ಇನ್ನಷ್ಟು ಎಚ್ಚರದಿಂದಿರಬೇಕು. ‘ಅಲ್ಲವೆ’ ಎಂಬ ಪುಟ್ಟ ಬಾಲವೊಂದು ವಾಕ್ಯಕ್ಕೆ ತಗುಲಿದರೆ ಉತ್ತರವು ಪ್ರಶ್ನೆಯೊಳಗೇ ಕುಳಿತಿರುತ್ತದೆ. ಹಿರಿಯರಿಗೆ ಎದುರಾಡಬಾರದೆಂಬ ಸಂಸ್ಕಾರವೂ ಅದಕ್ಕೆ ಸೇರುತ್ತದೆ. ತಾಯಿಯೋ ಉಪಾಧ್ಯಾಯಿನಿಯೋ ಪಕ್ಕದಲ್ಲಿ ಕುಳಿತು, “ಅವನಿಗೆ ಇಲ್ಲಿ ಬಹಳ ಇಷ್ಟ” ಎಂದು ತಾವೇ ಹೇಳಿಬಿಟ್ಟರೆ, ಕಾಗದ ತುಂಬುವುದೇ ಹೊರತು ಅವನ ಮನಸ್ಸು ತಿಳಿಯುವುದಿಲ್ಲ. ಹಾಗೆಂದು ಅವರನ್ನು ಹೊರಗೆ ಕಳುಹಿಸುವುದೇ ಸರಿಯೆಂದೂ ಹೇಳಬರುವಂತಿಲ್ಲ. ಜೋಯಿಗೆ ಅರ್ನಿ ಬೇಕಾಗಿದ್ದನಷ್ಟೆ.

ಆದುದರಿಂದ ವಿಧಾನವನ್ನು ಮೊದಲು ಗೊತ್ತುಮಾಡಿಕೊಂಡು ಮನುಷ್ಯನನ್ನು ಹುಡುಕುವುದಕ್ಕಿಂತ, ಮನುಷ್ಯನ ಪರಿಚಯವಾದ ಮೇಲೆ ವಿಧಾನವನ್ನು ಆರಿಸುವುದು ಮೇಲು. ಆರಿಸಿದುದು ಸರಿಯಾಯಿತೆಂಬುದಕ್ಕೆ ಗುರುತೊಂದುಂಟು. ಅಷ್ಟು ದಿನ ಎಲ್ಲಕ್ಕೂ ತಲೆಯಾಡಿಸುತ್ತಿದ್ದವನು ಒಂದು ದಿನ “ಇಲ್ಲ, ಇವತ್ತು ಮಾತು ಬೇಡ” ಎನ್ನುತ್ತಾನೆ. ಆ ದಿನ ಸಂಶೋಧಕನು ಪುಸ್ತಕವನ್ನು ಮಡಿಸಿ ಹಿಂದಿರುಗಬೇಕಾಗುತ್ತದೆ. ಆದರೆ ಆ ಬಾಯಿಂದ ಮುಂದೆ ಬರುವ ‘ಹೌದ’ನ್ನು ಅವನು ನಂಬಬಹುದು.