ಕನ್ನಂಬಾಡಿ ಹಿನ್ನೀರಲ್ಲಿ ಹಾಯಿದೋಣಿ ಫೈಟಿಂಗ್!

ಬೃಂದಾವನ ಅಂದರೆ ನಿಮಗೆ ನೆನಪಾಗೋದೇನು? ಕಾರಂಜಿ, ಬಣ್ಣದ ದೀಪ, ಅದರ ಮುಂದೆ ನಾಯಕಿಯ ಕೈಹಿಡಿದು ಓಡುವ ನಾಯಕ. ಸರಿ, ಒಪ್ಪೋಣ. ಆದರೆ ಆ ಕಾರಂಜಿಗೆ ಬೆನ್ನು ಹಾಕಿ, ಕಟ್ಟೆಯ ಆಚೆ ಮೈಲಿಗಟ್ಟಲೆ ಚಾಚಿಕೊಂಡಿರುವ ಹಿನ್ನೀರಿನಲ್ಲಿ ಒಂದು ಫೈಟಿಂಗ್ ಸೀನ್ ನಡೆಯುತ್ತೆ ಅಂತ ಎಷ್ಟು ಜನಕ್ಕೆ ಗೊತ್ತು? ಡೂಪ್ ಇಲ್ಲ, ರೀಟೇಕ್ ಇಲ್ಲ!

ಅದು ಹಾಯಿದೋಣಿ ರೇಸು.

ಮೊದಲು ನೀರಿನ ವಿಳಾಸ ತಿಳ್ಕೊಳ್ಳಿ. ಕೊಡಗಿನಲ್ಲಿ ಹುಟ್ಟಿದ ಕಾವೇರಿ ಪಿರಿಯಾಪಟ್ಟಣದ ಗಡಿಯನ್ನು ಸವರಿಕೊಂಡು, ಕೆ.ಆರ್. ನಗರದ ಚುಂಚನಕಟ್ಟೆಯಲ್ಲಿ ಧುಮುಕಿ ಇಲ್ಲಿಗೆ ಬರುತ್ತಾಳೆ. ಹುಣಸೂರಿನ ಮಧ್ಯೆ ಹಾದು ಬರುವ ಲಕ್ಷ್ಮಣತೀರ್ಥ ಸಾಗರಕಟ್ಟೆಯ ಹತ್ತಿರ ಬಂದು ಸೇರುತ್ತೆ. ಅತ್ತ ಕಡೆಯಿಂದ ಹೇಮಾವತಿ. ಅಂದರೆ ಈ ಕೆ.ಆರ್.ಎಸ್. ನೀರಿನಲ್ಲಿ ಹುಣಸೂರಿನವನದ್ದೂ ಪಾಲುಂಟು, ಪಿರಿಯಾಪಟ್ಟಣದವನದ್ದೂ ಪಾಲುಂಟು. ಎಚ್.ಡಿ. ಕೋಟೆಯವರು ಬೇಜಾರು ಮಾಡ್ಕೋಬೇಡಿ, ನಿಮ್ಮ ಕಪಿಲೆ ಬೇರೆ ದಾರಿ ಹಿಡಿದು ತಿ. ನರಸೀಪುರದಲ್ಲಿ ಸೇರ್ತಾಳೆ. ನಿಮ್ಮ ವಿಷಯ ಆಮೇಲೆ ಬರುತ್ತೆ.

ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರದು ಒಂದು ಕ್ಲಬ್ಬಿದೆ, ತೃಷ್ಣಾ ಸೈಲಿಂಗ್ ಕ್ಲಬ್. ಅವರು ಹಲಸೂರು ಕೆರೆಯಲ್ಲೂ ಹಾಯಿ ಬಿಚ್ಚುತ್ತಾರೆ, ಕನ್ನಂಬಾಡಿ ಹಿನ್ನೀರಲ್ಲೂ ಬಿಚ್ಚುತ್ತಾರೆ. ತೃಷ್ಣಾ ಅಂದರೆ ಬಾಯಾರಿಕೆ. ಅದು ಒಂದು ದೋಣಿಯ ಹೆಸರು ಕಣ್ರೀ! ನಮ್ಮ ಸೇನೆಯ ಎಂಜಿನಿಯರುಗಳು 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಒಂದು ಸುತ್ತು ಹಾಕಿ ಬಂದರು. ಅದಕ್ಕೂ ಮುಂಚೆ ಯಾವ ಭಾರತೀಯ ಹಾಯಿದೋಣಿಯೂ ಆ ಕೆಲಸ ಮಾಡಿರಲಿಲ್ಲ.

ಈಗ ಆಟಕ್ಕೆ ಬರೋಣ. ಗಾಳಿ ಬೀಸಿದ ಕಡೆಗೆ ದೋಣಿ ಹೋಗೋದರಲ್ಲಿ ಏನು ಹೆಚ್ಚುಗಾರಿಕೆ? ಒಣಗಿದ ಎಲೆಯೂ ಹೋಗುತ್ತೆ. ಗಾಳಿಗೆ ಎದುರಾಗಿ ಹೋಗೋದೇ ಗಮ್ಮತ್ತು. ಅದಕ್ಕೆ ಬೇಕಾಗೋದು ದೋಣಿಯ ಹೊಟ್ಟೆಯ ಕೆಳಗೆ ನೀರಿಗಿಳಿದಿರುವ ಒಂದು ರೆಕ್ಕೆ. ಅದಕ್ಕೆ ಕೀಲ್ ಅಂತಾರೆ (ಬಾಗಿಲಿನ ಕೀಲಲ್ಲ ಮಾರಾಯರೇ). ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳುತ್ತೆ. ಕೀಲ್ ನೀರಿನೊಳಗೆ ನಿಂತು, ಪಕ್ಕಕ್ಕೆ ಬಿಡಲ್ಲ ಅನ್ನುತ್ತೆ. ಆ ಎರಡರ ಜಗ್ಗಾಟದಲ್ಲಿ ದೋಣಿ ಮುಂದಕ್ಕೆ ಚಿಮ್ಮುತ್ತೆ. ನೇರವಾಗಿ ಗಾಳಿಯ ಬಾಯಿಗೆ ಹೋಗಲಾಗದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಘಾಟಿ ರಸ್ತೆ ಹತ್ತುವ ಬಸ್ಸಿನ ಹಾಗೆ ಅಂಕುಡೊಂಕಾಗಿ ಹತ್ತಬೇಕು.

ಇದೇ ಮಾತನ್ನು ಹರಿಗೋಲಿಗೆ ಹೋಲಿಸಿ ನೋಡಿ. ನಮ್ಮ ಹರಿಗೋಲಿಗೆ ಕೀಲೂ ಇಲ್ಲ, ಮೂತಿಯೂ ಇಲ್ಲ. ಬಿದಿರಿನ ಬುಟ್ಟಿ, ಅಷ್ಟೆ. ಗಾಳಿ ಎದ್ದರೆ ಬುಗುರಿ ತಿರುಗಿದ ಹಾಗೆ ತಿರುಗುತ್ತೆ. ಆದರೂ ಮೀನು ಹಿಡಿಯುವವನ ಮಗ ಒಂದೇ ಹುಟ್ಟಿನಲ್ಲಿ ಅದನ್ನು ನೆಟ್ಟಗೆ ಓಡಿಸ್ತಾನಲ್ಲ, ಅದು ಯಾವ ಕ್ಲಬ್ಬಿನಲ್ಲೂ ಕಲಿಸದ ವಿದ್ಯೆ.

ಮುಂಬಯಿಯ ಕಡಲಿನಲ್ಲಿ ಸೀಬರ್ಡ್ ಎಂಬ ಪುಟ್ಟ ಕೀಲ್ ದೋಣಿಗಳು ರೇಸು ಓಡುತ್ತಾ ಬಂದಿವೆ. ಅವುಗಳ ಕೀಲು ಖಾಯಂ, ಭಾರವಾದದ್ದು. ನಮ್ಮ ಹಿನ್ನೀರಿಗೆ ಅದು ಸರಿಹೋಗದು. ಕಟ್ಟೆಯ ಪೂರ್ತಿ ಮಟ್ಟ 124.80 ಅಡಿ, ಆದರೆ ಬೇಸಿಗೆಯಲ್ಲಿ ನೀರು ಇಳಿದು, ದಂಡೆ ಎಲ್ಲೆಲ್ಲಿಗೋ ಓಡಿಹೋಗಿರುತ್ತೆ. ತಳದಲ್ಲಿ ಏನೇನಿದೆಯೋ! ಕಟ್ಟೆ ಕಟ್ಟಿದಾಗ ಊರೇ ಮುಳುಗಿತು. ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಬರಗಾಲ ಬಂದಾಗಲೆಲ್ಲ ನೀರಿನಿಂದ ತಲೆ ಎತ್ತುತ್ತಿತ್ತು. ಆಮೇಲೆ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಂಡೆಯಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಇಂಥ ನೀರಿಗೆ ಕೀಲಿನ ಬದಲು ಬೇಕಾದಾಗ ಮೇಲಕ್ಕೆತ್ತುವ ಹಲಗೆ ಇರುವ ಹಗುರ ದೋಣಿಯೇ ಸರಿ. ಕೆಲಸ ಅದೇ. ಒಂದೇ ವ್ಯತ್ಯಾಸ: ಭಾರವಾದ ಕೀಲ್ ದೋಣಿಯನ್ನು ನೆಟ್ಟಗೆ ನಿಲ್ಲಿಸುತ್ತೆ, ಹಲಗೆ ನಿಲ್ಲಿಸಲ್ಲ. ಇಲ್ಲಿ ಓಡಿಸುವವನ ಮೈಭಾರವೇ ಕೀಲು. ಅಂಚಿನಿಂದ ಹಿಂದಕ್ಕೆ ಬಾಗಿ, ಬೆನ್ನು ನೀರಿಗೆ ತಾಗುವ ಹಾಗೆ ನೇತುಬೀಳಬೇಕು. ತೊಡೆ ಉರಿಯುತ್ತೆ, ಬಿಟ್ಟರೆ ದೋಣಿ ಮಗುಚುತ್ತೆ!

ಮುಂಗಾರಿನಲ್ಲಿ ರೇಸಿನ ವಾರ ಹೇಗಿರುತ್ತೆ ಗೊತ್ತೇ? ಸೋಮವಾರ ನೈಋತ್ಯದ ಗಾಳಿ ಸೊಗಸಾಗಿ ಬೀಸುತ್ತೆ, ಎಲ್ಲರೂ ಹೀರೋಗಳೇ. ಮಂಗಳವಾರ ಹುಣಸೂರಿನ ಕಡೆ ಆಕಾಶ ಕಾಡಿಗೆ ಹಚ್ಚಿಕೊಂಡು ನಿಲ್ಲುತ್ತೆ. ಮೊದಲು ನೀರಿನ ಮೇಲೆ ಒಂದು ಕಪ್ಪು ನೆರಳು ಓಡಿಬರುತ್ತೆ. ಅದು ಮೋಡದ ನೆರಳಲ್ಲ, ಗಾಳಿ ಮುಟ್ಟಿದ ನೀರಿನ ಸುಕ್ಕು. ಅದನ್ನು ಮೊದಲು ಕಂಡವನು ಹಾಯಿ ಹಗ್ಗ ಸಡಿಲಿಸಿ ಬಚಾವಾಗ್ತಾನೆ. ಕಾಣದವನು ಬುಡಮೇಲಾಗಿ ಹಲಗೆಯ ಮೇಲೆ ಕೂತಿರ್ತಾನೆ. ಬುಧವಾರ ಗಾಳಿಯೇ ಇಲ್ಲ. ಕೆಂಪು ಬಿಳಿ ಪಟ್ಟೆಯ ಬಾವುಟ ಏರಿಸಿ ರೇಸು ಮುಂದೂಡ್ತಾರೆ. ಗುಡುಗು ಮಿಂಚು ಬಂದರಂತೂ ಎಲ್ಲರನ್ನೂ ದಡಕ್ಕೆ ಕರೀತಾರೆ. ಸಾಯಂಕಾಲ ನಾಲ್ಕಕ್ಕೆ ಹತ್ತು ನಿಮಿಷ ಗಾಳಿ ಬಂದರೆ ಸಾಕು, ಮತ್ತೆ ಓಟ.

ಇದಕ್ಕೇ ವಾರ ಬೇಕಾಗೋದು. ಒಂದೇ ರೇಸಿನಲ್ಲಿ ಅದೃಷ್ಟ ಗೆಲ್ಲಬಹುದು, ಹನ್ನೊಂದರಲ್ಲಿ ಗೆಲ್ಲಲಾರದು. ಮೊದಲು ಬಂದವನಿಗೆ 1 ಅಂಕ, ಎರಡನೆಯವನಿಗೆ 2. ಕೊನೆಯಲ್ಲಿ ಕಡಮೆ ಅಂಕದವನೇ ಗೆದ್ದ ಹಾಗೆ. ಪ್ರತಿಯೊಬ್ಬನೂ ತನ್ನ ಅತಿ ಕೆಟ್ಟ ರೇಸನ್ನು ಲೆಕ್ಕದಿಂದ ಬಿಡಬಹುದು. ಪರೀಕ್ಷೆಯಲ್ಲೂ ಹೀಗಿದ್ದಿದ್ದರೆ!

ನನಗೆ ಎಲ್ಲಕ್ಕಿಂತ ಹಿಡಿಸಿದ ಕಟ್ಟಳೆ ಇನ್ನೊಂದಿದೆ. ಎದುರುಬದುರಾಗಿ ಎರಡು ದೋಣಿ ಬಂದರೆ, ಬಲಗಡೆಯಿಂದ ಗಾಳಿ ಹಿಡಿದವನಿಗೆ ದಾರಿ. ಅವನು ‘ಸ್ಟಾರ್‌ಬೋರ್ಡ್!’ ಅಂತ ಅಬ್ಬರಿಸ್ತಾನೆ, ಇನ್ನೊಬ್ಬ ತಪ್ಪಿಸಿಕೊಳ್ಳಬೇಕು. ತಗುಲಿಸಿದನೋ, ಸೀಟಿ ಊದೋ ಅಂಪೈರ್ ಸಾಮಾನ್ಯವಾಗಿ ಇರೋದಿಲ್ಲ. ತಪ್ಪು ಮಾಡಿದವನೇ ಒಪ್ಪಿಕೊಂಡು ದೋಣಿಯನ್ನು ಎರಡು ಸುತ್ತು ಗಿರಗಿರ ತಿರುಗಿಸಿ ಮುಂದೆ ಹೋಗಬೇಕು. ಖಳನಾಯಕನೇ ತನಗೆ ತಾನೇ ಕಪಾಳಕ್ಕೆ ಹೊಡ್ಕೊಂಡ ಹಾಗೆ! ಒಪ್ಪದಿದ್ದರೆ ಸಂಜೆ ದಡದಲ್ಲಿ ವಿಚಾರಣೆ, ಸಾಕ್ಷಿ, ವಾದ.

“ಇದೆಲ್ಲ ಸಮುದ್ರದ ಪಕ್ಕದವರ, ದುಡ್ಡಿದ್ದವರ ಆಟ ಬಿಡಿ ಸಾರ್” ಅಂತೀರಾ? ಹಾಗಾದರೆ ನೇಹಾ ಠಾಕೂರ್ ಕಥೆ ಕೇಳಿ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಸಮುದ್ರ ಎಲ್ಲಿ, ದೇವಾಸ್ ಎಲ್ಲಿ! ಕಲಿತದ್ದು ಭೋಪಾಲದ ದೊಡ್ಡ ಕೆರೆಯಲ್ಲಿ, ಅಲ್ಲಿನ ಹಾಯಿದೋಣಿ ಶಾಲೆಯಲ್ಲಿ. 2023ರಲ್ಲಿ ಚೀನಾದಲ್ಲಿ ನಡೆದ ಏಷ್ಯಾಡ್‌ನಲ್ಲಿ ಹುಡುಗಿಯರ ಐ.ಎಲ್.ಸಿ.ಎ. 4 ವರ್ಗದಲ್ಲಿ ಹನ್ನೊಂದು ರೇಸು. ಅತಿ ಕೆಟ್ಟದ್ದು ಐದನೇ ಸ್ಥಾನ, ಅದನ್ನು ಬಿಟ್ಟರೆ 27 ಅಂಕ. ಹಿಂದೆಯೇ ಇದ್ದ ಸಿಂಗಾಪುರದ ಹುಡುಗಿಗೆ 28. ಒಂದೇ ಒಂದು ಅಂಕದಲ್ಲಿ ಬೆಳ್ಳಿ ಪದಕ ಹದಿನೇಳರ ಈ ಹುಡುಗಿಯ ಕೊರಳಿಗೆ ಬಿತ್ತು! ಕಾವೇರಿಯ ತವರಿನ ಹೆಸರು ಹೊತ್ತವರೂ ಹಿಂದೆ ಬಿದ್ದಿಲ್ಲ. ಚೆನ್ನೈನ ಕೇಳಪಂಡ ಚೆಂಗಪ್ಪ ಗಣಪತಿ, ವರುಣ್ ಠಕ್ಕರ್ ಜೋಡಿಯಾಗಿ 2018ರ ಏಷ್ಯಾಡ್‌ನಲ್ಲಿ ಕಂಚು ತಂದರು, ಟೋಕಿಯೋ ಒಲಿಂಪಿಕ್ಸ್‌ಗೂ ಹೋಗಿಬಂದರು.

ಈಗ ಕೋಟೆಯವರ ಸರದಿ. ಕಬಿನಿ ದಂಡೆಯ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನೊಬ್ಬ ಹುಟ್ಟಿದ. ಶೂಟಿಂಗಿಗೆ ಬಂದ ವಿದೇಶೀಯರ ಕಣ್ಣಿಗೆ ಆ ಹುಡುಗ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು, ಆಮೇಲೆ ‘ದಿ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’... ಸಾಬು ಹಾಲಿವುಡ್ಡಿನ ಸ್ಟಾರ್ ಆಗಿಬಿಟ್ಟ! ಆನೆಯ ಬೆನ್ನೇರುವ ವಿದ್ಯೆ ಅವನಿಗೆ ಮನೆಯಲ್ಲೇ ಸಿಕ್ಕಿತ್ತು, ಹೊರಗಿನಿಂದ ಬಂದದ್ದು ಕ್ಯಾಮರಾ ಒಂದೇ. ಇವತ್ತು ಕಬಿನಿಯಲ್ಲಿ, ಸಾಗರಕಟ್ಟೆಯಲ್ಲಿ ಹರಿಗೋಲು ತಿರುಗಿಸುವ ಹುಡುಗನಿಗೂ ವಿದ್ಯೆ ಮನೆಯದೇ. ಗಾಳಿ ಎಲ್ಲಿಂದ ಬರುತ್ತೆ ಅಂತ ಅವನು ಮೂಗಿನಲ್ಲೇ ಹೇಳಬಲ್ಲ. ಅವನ ಕೈಗೆ ಹಾಯಿ ಹಗ್ಗ ಕೊಡೋರು ಬೇಕು, ಭೋಪಾಲದಲ್ಲಿ ಕೊಟ್ಟರಲ್ಲ ಹಾಗೆ. ಸೈನಿಕರ ಕ್ಲಬ್ಬು ಕಣ್ಣೆದುರಿಗೇ ಇದೆ, ನೀರಂತೂ 49 ಟಿ.ಎಂ.ಸಿ. ಇದೆ. ನಮ್ಮ ಕಡೆ ಶಾಲೆ ಮಕ್ಕಳಿಗೆ ಖೋ-ಖೋ, ಕಬಡ್ಡಿ ಇದ್ದ ಹಾಗೆ ಹಾಯಿದೋಣಿಯೂ ಇರಬಾರದೇಕೆ?

ನೋಡಬೇಕು ಅನ್ನಿಸಿದರೆ ಮುಂಗಾರಿನ ದಿನಗಳಲ್ಲಿ ಹುಣಸೂರು ರಸ್ತೆಯ ಯಲವಾಲದ ಕಡೆಯಿಂದ ಹಿನ್ನೀರಿಗೆ ಇಳೀರಿ. ಕೆ.ಆರ್. ನಗರದವರು ರೈಲಿನಲ್ಲಿ ಬರೋದಾದರೆ ಸಾಗರಕಟ್ಟೆಯಲ್ಲಿ ಕಿಟಕಿಯ ಹೊರಗೆ ಒಂದು ಕಣ್ಣಿಟ್ಟಿರಿ. ಕೊಡೆ ಮರೀಬೇಡಿ, ನೀರಿಗಿಳಿಯುವ ಹುಚ್ಚು ಬೇಡ. ಹಾಯಿಗಳು ಬಿಳಿ ಕೊಕ್ಕರೆ ಸಾಲಿನ ಹಾಗೆ ಒಂದೇ ಗೆರೆಯಲ್ಲಿ ನಿಂತರೆ, ಐದು ನಿಮಿಷದಲ್ಲಿ ಓಟ ಶುರು ಅಂತ ಅರ್ಥ. ಕೆಂಪು ಬಿಳಿ ಪಟ್ಟೆಯ ಬಾವುಟ ಕಂಡಿತೋ, ಕಡ್ಲೆಕಾಯಿ ಬಿಚ್ಚಿಕೊಂಡು ಕೂತುಬಿಡಿ: ಇಂಟರ್‌ವಲ್!